ಬಿಸಿಯಾಗಿಯೇ ಮುಚ್ಚಿದ ಸೂಪು

ನಮ್ಮ ಹೋಟೆಲಿನ ಅಡುಗೆಮನೆಗೆ ಗಾಳಿ ಹೀರಿ ಚೀಲ ಮುಚ್ಚುವ ಯಂತ್ರ ಬಂದಾಗ ಮೊದಲು ಉಸಿರುಗಟ್ಟಿದ್ದು ನಮ್ಮ ಅತ್ತಿಗೆಗೆ. ಹನ್ನೊಂದು ವರ್ಷದಿಂದ ಅಲ್ಲಿ ಮುಖ್ಯ ಅಡುಗೆಯವರು ಅವರೇ. ತರಕಾರಿ ಹೆಚ್ಚುವುದು, ಪ್ಯಾಕ್ ಮಾಡುವುದು, ಬೈಸಿಕೊಳ್ಳುವುದು ಮೈದುನನಾದ ನನ್ನ ಪಾಲು. ಒಲೆಯಿಂದ ಇಳಿಸಿದ್ದು ಹಬೆಯಾಡುತ್ತಲೇ ಮೇಜಿಗೆ ಹೋಗಬೇಕೆಂಬುದು ಅವರ ಕಟ್ಟಳೆ. ಆರಿದ ಅಡುಗೆಯೆಂದರೆ ಅವರಿಗೆ ಆರದ ಗಾಯ.

ಆದರೆ ಈಗ ಆ ಯಂತ್ರದ ಮೇಲೆಯೇ ಅವರ ಭಾನುವಾರ ನಿಂತಿತ್ತು. ಅಂದು ಮಗಳ ಈಜು ಸ್ಪರ್ಧೆ. ಅತ್ತಿಗೆ ರಜೆ ಕೇಳಿದ್ದೇ ಮೊದಲ ಸಲ. ಹೋಟೆಲಿನ ಯಜಮಾನರು ಕನ್ನಡಕ ಒರೆಸುತ್ತ ಷರತ್ತು ಹಾಕಿದರು:

"ಏನಂದ್ರೆ, ಶುಕ್ರವಾರ ಸೂಪು ಮಾಡಿ ಪ್ಯಾಕ್ ಮಾಡಿಡಿ. ಶನಿವಾರ ಅದನ್ನೂ ಕೊಡಿ, ಆಗಷ್ಟೇ ಮಾಡಿದ್ದನ್ನೂ ಕೊಡಿ. ಯಾವುದು ಯಾವುದು ಅಂತ ನನಗೆ ಗೊತ್ತಾಗದಿದ್ರೆ, ಏನಂದ್ರೆ, ಭಾನುವಾರ ನಿಮ್ಮದು. ನಿಮ್ಮ ಡ್ಯೂಟಿ ಪ್ಯಾಕೆಟ್ಟೇ ಮಾಡತ್ತೆ."

ಶುಕ್ರವಾರ ಬೆಳಿಗ್ಗೆ ಕ್ಯಾರೆಟ್ ಸೂಪು ಇಳಿಯಿತು. ಅತ್ತಿಗೆ ಸೌಟು ಎತ್ತಿದರು.

"ಆರಿಸಿ ಹಾಕಿ ಅಂತ ಮಷಿನ್ ತಂದವನು ಹೇಳಿದ್ದ, ಅತ್ತಿಗೆ."

"ಅವನಿಗೇನೋ ಗೊತ್ತು? ಬಿಸಿಯಲ್ಲೇ ಮುಚ್ಚಿದ್ರೆ ರುಚಿ ಎಲ್ಲಿಗೂ ಓಡೋಗಲ್ಲ. ಚೀಲ ಹಿಡಿ."

ಹಿಡಿದೆ. ಸುರಿದರು. ಗಾಜಿನ ಮುಚ್ಚಳ ಇಳಿಯಿತು. ಯಂತ್ರ ಅಣ್ಣನ ಗೊರಕೆಯ ಧಾಟಿಯಲ್ಲಿ ಗುರ್ರೆಂದಿತು. ಗಾಳಿ ಕಡಿಮೆಯಾದದ್ದೇ ತಡ, ಒಲೆ ಬಿಟ್ಟು ಬಂದಿದ್ದ ಸೂಪು ತಳಮಳಗುಟ್ಟಿ ಕುದಿಯತೊಡಗಿತು. ಉಬ್ಬಿ, ಉಕ್ಕಿ, ಚೀಲದ ಬಾಯಿಂದ ಹೊರನುಗ್ಗಿತು.

"ಅಯ್ಯಯ್ಯೋ! ಒಳಗೆ ಒಲೆ ಇಟ್ಟಿದಾರೇನೋ?"

ಅತ್ತಿಗೆ ಗುಂಡಿ ಗುದ್ದಿದರು. ಮುಚ್ಚಳ ತೆರೆದರೆ ಯಂತ್ರದ ಹೊಟ್ಟೆಯೆಲ್ಲ ಕೇಸರಿ.

"ಗಾಳಿ ತೆಗೆದ್ರೆ ಒತ್ತಡ ಇಳಿಯತ್ತೆ. ಆಗ ಕಮ್ಮಿ ಬಿಸಿಗೇ ನೀರು ಕುದಿಯತ್ತೆ ಅತ್ತಿಗೆ. ಕಾಲೇಜಲ್ಲಿ ಓದಿದ್ದೆ."

"ಸುರಿಯೋಕೆ ಮುಂಚೆ ಹೇಳೋಕೆ ಏನಾಗಿತ್ತು ದಾಡಿ?"

"ಪರೀಕ್ಷೆಯಲ್ಲೂ ಪೇಪರ್ ಕೊಟ್ಟ ಮೇಲೇ ನಂಗೆ ಜ್ಞಾಪಕ ಬರ್ತಿದ್ದದ್ದು."

ಒರೆಸಿ ತೊಳೆದು, ಉಳಿದ ಸೂಪಿನ ಪಾತ್ರೆಯನ್ನು ಮಂಜುಗಡ್ಡೆಯ ನೀರಲ್ಲಿ ಕೂರಿಸಿದೆವು. ನಾನು ತಿರುವುತ್ತಿದ್ದೆ. ಅತ್ತಿಗೆ ಐದು ನಿಮಿಷಕ್ಕೊಮ್ಮೆ ಬಂದು, ಜ್ವರದ ಮಗುವಿನ ಹಣೆ ಮುಟ್ಟುವಂತೆ ಪಾತ್ರೆ ಮುಟ್ಟಿ, "ಪಾಪ, ತಣ್ಣಗಾಗ್ತಿದೆ ಕಣೋ" ಎನ್ನುತ್ತಿದ್ದರು. ಪೂರ್ತಿ ಆರಿದ ಮೇಲೆ ಚೀಲದ ಬಾಯಿಯನ್ನು ಅಂಗಿಯ ತೋಳಿನಂತೆ ಹೊರಮಡಚಿ, ಅಂಚಿಗೆ ಹನಿ ತಾಗದಂತೆ ತುಂಬಿ, ಮಡಿಕೆ ಬಿಡಿಸಿ ಯಂತ್ರದೊಳಗಿಟ್ಟೆವು. ಸೂಪು ಮಿಸುಕಲಿಲ್ಲ. ಚೀಲ ಅದನ್ನು ಗಟ್ಟಿಯಾಗಿ ಅಪ್ಪಿಕೊಂಡಿತು.

"ಎಷ್ಟು ಸಾಧು ನೋಡಿ ಅತ್ತಿಗೆ, ಥೇಟ್ ನಮ್ಮಣ್ಣ."

"ನಿಮ್ಮಣ್ಣನ ಗೊರಕೆಗೂ ಒಂದು ಸೀಲ್ ಹಾಕೋ ಹಾಗಿದ್ರೆ ಹೇಳು."

ಚೀಲಗಳು ತಾರೀಕು ಹೊತ್ತು ಫ್ರಿಜ್ ಸೇರಿದವು.

ಶನಿವಾರ ಮಧ್ಯಾಹ್ನ ಯಜಮಾನರ ಮುಂದೆ ಎರಡು ಬಟ್ಟಲು. ಎಡಗಡೆಯದು ಪ್ಯಾಕೆಟ್ಟಿನಿಂದ ತೆಗೆದು ಬಿಸಿ ಮಾಡಿದ್ದು, ಬಲಗಡೆಯದು ಆಗತಾನೇ ಇಳಿಸಿದ್ದು. ಅವರು ಚಮಚದಲ್ಲಿ ಎಡಗಡೆಯದನ್ನು ಸವಿದರು, ಬಲಗಡೆಯದನ್ನು ಸವಿದರು, ಮತ್ತೆ ಎಡಕ್ಕೆ ಬಂದರು.

"ಏನಂದ್ರೆ, ಇದೇ ತಾಜಾ. ಉಪ್ಪು, ಮೆಣಸು ಎಲ್ಲ ಚೆನ್ನಾಗಿ ಕೂಡಿಕೊಂಡಿದೆ. ಅದು ನಿನ್ನೆಯದು, ಸ್ವಲ್ಪ ಸಪ್ಪೆ."

ಅವರ ಬೆರಳು ಎಡಗಡೆಯ ಬಟ್ಟಲಿನ ಮೇಲಿತ್ತು. ಗೆದ್ದೆವು ಎಂದು ನಾನು ಕುಣಿಯುವಷ್ಟರಲ್ಲಿ ಅತ್ತಿಗೆಯ ಮುಖ ಉಬ್ಬಿತು.

"ಏನು? ನನ್ನ ಕೈಯಿಂದ ಈಗ ಇಳಿದದ್ದು ಸಪ್ಪೆಯಾ? ಬಾಯಿ ಮುಕ್ಕಳಿಸಿ ಇನ್ನೊಂದು ಸಲ ನೋಡಿ ಸರ್!"

ಯಜಮಾನರು ಗಲಿಬಿಲಿಗೊಂಡು ಮತ್ತೆ ಚಮಚ ಎತ್ತಿದರು. ಈ ಸಲ ಸರಿಯಾಗಿ ಹೇಳಿದರೆ ಭಾನುವಾರ ಹೋದಂತೆಯೇ. ನಾನು ಅತ್ತಿಗೆಯ ಕಾಲು ತುಳಿದೆ.

"ಈಜುಕೊಳ, ಅತ್ತಿಗೆ," ಎಂದೆ ಪಿಸುಗುಟ್ಟಿ.

ಅವರು ಬಟ್ಟಲನ್ನೊಮ್ಮೆ, ಯಜಮಾನರ ಬಾಯಿಯತ್ತ ಹೊರಟ ಚಮಚವನ್ನೊಮ್ಮೆ ನೋಡಿದರು. ಚಮಚ ಕಸಿದುಕೊಂಡರು.

"ಸಾಕು ಬಿಡಿ. ನಿಮಗೆ ಗೊತ್ತಾಗಲಿಲ್ಲ. ನಾಳೆ ನಾನು ಬರಲ್ಲ."

"ಏನಂದ್ರೆ..."

"ಏನೂ ಅನ್ನಬೇಡಿ. ಸೋಮವಾರ ಬರ್ತೀನಿ. ಯಾವುದು ತಾಜಾ ಅಂತ ಸರಿಯಾಗಿ ಹೇಳೋವರೆಗೂ ಕುಡಿಸ್ತೀನಿ."

ಯಜಮಾನರು ತಲೆಯಾಡಿಸಿದರು. ಅತ್ತಿಗೆ ಬಲಗಡೆಯ ಬಟ್ಟಲನ್ನೆತ್ತಿ, ಅವರೆದುರೇ ನಿಂತು ಕೊನೆಯ ಹನಿಯವರೆಗೂ ಕುಡಿದು, "ಸಪ್ಪೆಯಂತೆ!" ಎಂದು ಏಪ್ರನ್ನಿನ ಗಂಟು ಬಿಚ್ಚಿದರು.