ಔರೆಲಿಯೊ ಅಜ್ಜ ಕೊನೆಗೆ ಹೇಳಿದ್ದು

ಹೊರದೇಶಕ್ಕೆ ಬಂದ ನಮ್ಮ ಜನಕ್ಕೆ ಒಂದು ಚಟ. ಎಲ್ಲೇ ಇಬ್ಬರು ಒಂಟಿಯಾಗಿ ಕಂಡರೂ ‘ಇವರು ನಿಮ್ಮ ಕಡೆಯವರೇ’ ಎಂದು ಜೊತೆಗೆ ಕೂರಿಸಿಬಿಡುತ್ತೇವೆ. ಆ ಹಾಳು ಚಟ ನನಗೂ ಇತ್ತು.

೨೦೧೨ರಲ್ಲಿ ನಾನು ನ್ಯೂಜಿಲೆಂಡಿನ ಪೊರಿರುವಾ ಊರಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೆ. ಅಲ್ಲಿದ್ದ ಇಟಲಿಯ ಔರೆಲಿಯೊ ಅಜ್ಜನಿಗೆ ತೊಂಬತ್ತೆರಡು. ಸ್ಟ್ರೋಕ್ ಆದಮೇಲೆ ಇಂಗ್ಲಿಷ್ ಪೂರ್ತಿ ಮರೆತುಹೋಗಿತ್ತು. ಮಾತಾಡಲು ಯಾರೂ ಇಲ್ಲದೆ ಊಟವನ್ನೂ ಬಿಡುತ್ತಿದ್ದರು. ಮೂಲೆಯ ಕೋಣೆಯಲ್ಲಿದ್ದ ಗ್ರೀಸಿನ ಎಲೆನಿ ಅಜ್ಜಿ ಹಿಂದೆ ಇಟಲಿಯವರ ಅಂಗಡಿಯಲ್ಲಿ ಕೆಲಸ ಮಾಡಿ ಇಟಾಲಿಯನ್ ಕಲಿತವರು ಎಂದು ತಿಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಅಕ್ಕಪಕ್ಕದ ದೇಶದವ್ರು ಕಣ್ರೀ, ನಮ್ಮ ಮೈಸೂರು ಮಂಡ್ಯ ಇದ್ದ ಹಾಗೆ,” ಎಂದೆ.

ಅಡುಗೆಮನೆಯ ಗುಲ್ಜಾರ್ ಬೇಗಂ ವಿಜಯಪುರದವರು. “ಬಾಜೂದವ್ರು ಅಂದ್ರ ದೋಸ್ತಿನ ಇರ್ತದ ಅಂತ ಯಾರ್ ಹೇಳ್ಯಾರ ನಿಮಗ? ಮೊದ್ಲ ಆ ಅಜ್ಜಿನ್ನ ಒಂದ ಮಾತ ಕೇಳ್ರಿ,” ಎಂದರು. ನಾನು ಕೇಳಲಿಲ್ಲ.

ಒಂದು ವಾರ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಉಂಡರು. ಅಜ್ಜ ನಕ್ಕರು ಕೂಡ. ನಾನು ಬೀಗಿದೆ.

ಎಂಟನೆಯ ದಿನ ಅಜ್ಜನ ಕಾಲುಚೀಲಗಳೆಲ್ಲ ಒಗೆಯಲು ಹೋಗಿದ್ದವು. ಬರಿಗಾಲಲ್ಲೇ ಗಾಲಿಕುರ್ಚಿಯಲ್ಲಿ ಊಟಕ್ಕೆ ಕರೆತಂದೆ. ಅವರ ಪಾದಗಳಲ್ಲಿ ಒಂದು ಬೆರಳೂ ಇರಲಿಲ್ಲ. ಎಲೆನಿ ಅದನ್ನು ನೋಡಿ ಏನೋ ಕೇಳಿದರು. ಅಜ್ಜ ಒಂದು ಬೆಟ್ಟದ ಹೆಸರು ಹೇಳಿದರು.

“ಸಾವಿರದ ಒಂಬೈನೂರ ನಲವತ್ತರ ಚಳಿಗಾಲ,” ಎಂದು ಎಲೆನಿ ನನ್ನ ಕಡೆ ತಿರುಗಿದರು. “ಇಟಲಿಯವರು ಸಾಮ್ರಾಜ್ಯ ಕಟ್ಟುತ್ತೇವೆ ಅಂತ ನಮ್ಮ ಗ್ರೀಸಿನ ಮೇಲೆ ಬಿದ್ದರು. ಎರಡು ವಾರದ ಕೆಲಸ ಅಂತ ಇವರಂಥ ಹುಡುಗರಿಗೆ ತೆಳು ಬೂಟು ಹಾಕಿ ಕಳಿಸಿದ್ದರು. ಸೋತರು, ಹಿಮದಲ್ಲಿ ಸತ್ತರು, ಉಳಿದವರ ಕಾಲ್ಬೆರಳು ಹಿಮಕ್ಕೆ ಕೊಳೆತು ಹೋದವು. ಆ ಬೆಟ್ಟದ ಮೇಲೆ ನಮ್ಮ ಸೈನಿಕರಿಗೆ ಗುಂಡಿನ ಪೆಟ್ಟಿಗೆ ಹೊತ್ತವರು ನಮ್ಮೂರ ಹೆಂಗಸರು. ನನಗೆ ಹದಿಮೂರು. ನನ್ನ ಮುಂದೆ ಹತ್ತುತ್ತಿದ್ದ ಅಮ್ಮ ಇವರ ಫಿರಂಗಿಯ ಶೆಲ್ಲಿಗೆ ಸಿಕ್ಕಿ ಸತ್ತಳು.”

ಅಜ್ಜ ಎಲೆನಿಯ ಕೈ ಹಿಡಿದು, ಅಳುತ್ತ, ಕಾಲು ಗಂಟೆ ಮಾತಾಡಿದರು. ಎಲೆನಿ ಕೈ ಬಿಡಿಸಿಕೊಂಡರು.

“ಏನಂದ್ರು?” ಎಂದೆ.

“ಊಟ ಬೇಡವಂತೆ.”

“ಅಷ್ಟು ಹೊತ್ತು ಹೇಳಿದ್ದು ಅಷ್ಟೇನಾ?”

“ಅಷ್ಟೇ.”

ಎಲೆನಿ ಮತ್ತೆ ಆ ಟೇಬಲ್ಲಿಗೆ ಬರಲಿಲ್ಲ. ಎರಡು ಸಲ ಅವರ ಬಾಗಿಲಲ್ಲಿ ನಿಂತು ಬೇಡಿಕೊಂಡೆ. ಗೋಡೆಗೆ ಮುಖ ತಿರುಗಿಸಿದರು. ಅವರನ್ನು ದೂರಲು ನನಗೆ ಬಾಯಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅಜ್ಜ ತಟ್ಟೆ ಮುಟ್ಟದೆ, ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಆರು ದಿನ ಕೂತರು. ಏಳನೆಯ ದಿನ ಹೋಗಿಬಿಟ್ಟರು.

ಆಸ್ಟ್ರೇಲಿಯಾದ ಪರ್ತ್‌ನಿಂದ ಅಜ್ಜನ ಮಗಳು ಫೋನ್ ಮಾಡಿದರು. “ಅಪ್ಪ ಆ ಯುದ್ಧದ ಬಗ್ಗೆ ನಮ್ಮ ಹತ್ತಿರ ಒಂದು ದಿನವೂ ಬಾಯಿ ಬಿಡಲಿಲ್ಲ. ಕೊನೆಗೆ ಏನಾದರೂ ಹೇಳಿದರಾ?”

ನನಗೆ ಗೊತ್ತಿದ್ದದ್ದು ಒಂದೇ.

“ಊಟ ಬೇಡ ಅಂದರು,” ಎಂದೆ.