ಏರಿನ ಬುಡದ ಗೇರು

ಲಾರಿಯ ಗೇರು ಕರಕರನೆ ಕಿರುಚಿತು. ಹಿಂದೆ ಶವಪೆಟ್ಟಿಗೆ ಹಿಡಿದು ಕೂತವರೆಲ್ಲ ಒಂದೇ ಸಲ ಮುಗ್ಗರಿಸಿದರು.

"ಲೋ ಲುಸಾಜೊ! ಸತ್ತಿರೋನ್ನ ಇನ್ನೊಂದ್ಸಲ ಸಾಯಿಸ್ಬೇಡ್ವೋ!" ಎಂದು ಮುದುಕ ಮ್ವಾಸಾಕ ಕೂಗಿದ.

"ಕಣ್ಣು ಕಾಣ್ಸಿದ್ರೆ ನೀನೇ ಬಂದು ಓಡ್ಸು ತಾತ!"

ಲುಸಾಜೊ ಏರಿನ ಬುಡದಲ್ಲೇ ಲಾರಿ ನಿಲ್ಲಿಸಿದ. ಪೆಟ್ಟಿಗೆಯಲ್ಲಿದ್ದವನು ಅವನ ಸೋದರಮಾವ ಅಂಬಾಕಿಸ್ಯೆ, ಲಾರಿಯೂ ಮಾವನದೇ. ದಾರ್ ಎಸ್ ಸಲಾಮ್ ರಸ್ತೆಯಲ್ಲಿ ಲುಸಾಜೊ ಓಡಿಸುವ ಹೊಸ ಲಾರಿ ತನ್ನ ಗೇರು ತಾನೇ ಬದಲಿಸಿಕೊಳ್ಳುತ್ತದೆ. ಅದರಲ್ಲಿ ಅವನು ಹುಲಿ. ಇಲ್ಲಿ ಬೆವರುತ್ತಿದ್ದ. ಮುಂದೆ ಟುಕುಯು ಬೆಟ್ಟಸೀಮೆಯ ಮಳೆಯ ಕೆಸರು. ಓಟದಲ್ಲಿ ಹತ್ತಿ, ನಡುವೆ ಎರಡನೇ ಗೇರಿಗೆ ಇಳಿಸಬೇಕು. ತಪ್ಪಿದರೆ ಜನರ ಸಮೇತ ಹಿಂದಕ್ಕೆ ಜಾರುವುದೇ.

"ಅತ್ತೆ, ಮಾವನ್ನ ಕೆಳಗೆ ರಸ್ತೇಲಿ ನಿಲ್ಸಿರೋ ನನ್ನ ಗಾಡಿಗೆ ಹಾಕ್ಕೊಳ್ಳೋಣ. ಎ.ಸಿ. ಇದೆ."

"ಅವರಿಗೆ ಇನ್ನೆಂಥ ಸೆಕೆಯೋ?" ಎಂದಳು ಪಕ್ಕದಲ್ಲಿದ್ದ ಮಾವನ ಹೆಂಡತಿ ಲುಗಾನೊ. "ಜೀವ್ಮಾನವೆಲ್ಲ ಇದ್ರಲ್ಲೇ ಹತ್ತಿದವ್ರು. ಇದ್ರಲ್ಲೇ ಮನೆಗೆ ಹೋಗ್ಲಿ. ಹಿಂದಕ್ಕೆ ತಗೊಂಡು ಓಟ ಕೊಡು. ನಾನು ಹೇಳ್ದಾಗ ಗೇರು ಇಳ್ಸು."

*

ಮದುವೆಯಾದ ಹೊಸತರಲ್ಲಿ, ಚಹಾ ಮೂಟೆ ತುಂಬಿದ ಇದೇ ಲಾರಿಯಲ್ಲಿ, ಅಂಬಾಕಿಸ್ಯೆ ಅವಳ ಕಣ್ಣು ಮುಚ್ಚಿಸಿದ್ದ.

"ಎಂಜಿನ್ ಉಸಿರು ಕೇಳು. ಏದುಸಿರು ಬಿಡೋಕೆ ಮುಂಚೆ ಹೇಳು."

"ಈಗ!"

"ಬೇಗ ಆಯ್ತು ಕಣೆ" ಎಂದು ನಕ್ಕಿದ್ದ. ಆಮೇಲೆ ಎರಡು ಸಲ ಕ್ಲಚ್ ತುಳಿದು, ನಡುವೆ ಎಂಜಿನ್ನನ್ನು ಒಂದಿಷ್ಟು ಗುರ್ರೆನಿಸಿ, ಬೆಣ್ಣೆಯಲ್ಲಿ ಬೆರಳಿಟ್ಟಂತೆ ಗೇರು ಇಳಿಸಿದ್ದ. ಅಂಥ ಕೈ ಆ ದಾರಿಯಲ್ಲಿ ಇನ್ನೊಬ್ಬನಿಗಿರಲಿಲ್ಲ. ಈಗಿನ ಲಾರಿಗೆ ಅಂಥ ಕೈ ಬೇಕಾಗಿಯೂ ಇಲ್ಲ.

ಬರಬರುತ್ತ ಮನೆಯವರೆಲ್ಲ ಆ ಸದ್ದು ಕಲಿತರು. ಏರಿನಲ್ಲಿ ಎಂಜಿನ್ ದನಿ ಬದಲಾದದ್ದು ಕೇಳಿಸಿದರೆ ಸಾಕು, ಮಗಳು ಅಟುಪೆಲೆ ಅಪ್ಪನ ಕಾಲಿಗೆ ಬಿಸಿನೀರು ಹೊತ್ತು ಬಾಗಿಲಿಗೆ ಓಡುತ್ತಿದ್ದಳು.

*

ಲಾರಿ ಓಡಿಬಂದು ಕೆಸರಿಗೆ ನುಗ್ಗಿತು. ಚಕ್ರ ಜಾರಿತು. ಲುಗಾನೊ ಕಣ್ಣು ಮುಚ್ಚಿದ್ದಳು.

"ಇನ್ನೂ ಇಲ್ಲ... ತಡಿ... ಈಗ!"

ಲುಸಾಜೊ ಎರಡು ಸಲ ತುಳಿದ. ಅತ್ತೆಯ ಎಡಗಾಲೂ ಬರಿ ತಗಡನ್ನು ಎರಡು ಸಲ ತುಳಿಯಿತು. ಗೇರು ಮೆತ್ತಗೆ ಕೂತಿತು, ಎಂಜಿನ್ ಹೊಸ ದನಿ ತೆಗೆದು ಹತ್ತತೊಡಗಿತು.

"ಇದಪ್ಪಾ ನಮ್ ಅಂಬಾಕಿಸ್ಯೆ!" ಹಿಂದೆ ಮ್ವಾಸಾಕ ಅಳುತ್ತಲೇ ಚಪ್ಪಾಳೆ ತಟ್ಟಿದ.

ಮೇಲೆ ಬಾಳೆತೋಟದಲ್ಲಿ ಆಗಷ್ಟೇ ತೋಡಿದ ಗುಂಡಿ ಕಾಣಿಸಿತು. ಅಂಗಳದಲ್ಲಿ ಗೋಳಿಡಲು ಎದ್ದ ಹೆಂಗಸರು ಮನೆಯ ಕಡೆ ನೋಡಿ ಹಾಗೇ ನಿಂತುಬಿಟ್ಟರು. ಅಡುಗೆಮನೆಯಿಂದ ಓಡಿಬಂದ ಅಟುಪೆಲೆ ಮೆಟ್ಟಿಲ ಬಳಿ ನಿಂತಿದ್ದಳು. ಅವಳ ಕೈಯ ಬೋಗುಣಿಯಲ್ಲಿ ಬಿಸಿನೀರು ಹಬೆಯಾಡುತ್ತಿತ್ತು.