ವರ್ಷ ವರ್ಷ ತುಂಬಿಸಿದ ಗ್ಯಾಸ್ ಎಲ್ಲಿಗೆ ಹೋಯಿತು?

ಪಾಣೆಮಂಗಳೂರಿನ ಸೆಕೆಯ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಪಕ್ಕದಲ್ಲೇ ನೇತ್ರಾವತಿ ಹರಿದರೂ ಏಪ್ರಿಲಿನಲ್ಲಿ ಒಂದು ಎಲೆ ಅಲ್ಲಾಡುವುದಿಲ್ಲ. ಕಳೆದ ವರ್ಷ ಇದೇ ಸೆಕೆಗೆ ನಮ್ಮ ಪಕ್ಕದ ಮನೆಯ ಆಸ್ಯಮ್ಮ ಅಡುಗೆಮನೆಯಲ್ಲಿ ತಲೆತಿರುಗಿ ಬಿದ್ದರು. ಎರಡು ದಿನ ಆಸ್ಪತ್ರೆಯಲ್ಲಿದ್ದರು. ಇನ್ನು ಮಧ್ಯಾಹ್ನ ಎ.ಸಿ. ಕೋಣೆಯಲ್ಲೇ ಇರಬೇಕೆಂದು ಡಾಕ್ಟರು ಹೇಳಿ ಕಳಿಸಿದರು.

ಅವರ ಮನೆಯಲ್ಲಿ ಎ.ಸಿ. ಹಾಕಿಸಿದ್ದು ಮಗ ನಿಝಾಮನಿಗಾಗಿ. ಅವನು ಸೌದಿಯ ದಮಾಮಿನಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿದ್ದಾನೆ. ಮಗ ರಜೆಗೆ ಬರುತ್ತಾನೆಂದರೆ ಆಸ್ಯಮ್ಮ ಮನೆಗೆ ಸುಣ್ಣ ಬಳಿಸುವುದನ್ನು ಬೇಕಾದರೂ ಮರೆತಾರು, ಎ.ಸಿ.ಗೆ ಗ್ಯಾಸ್ ತುಂಬಿಸುವುದನ್ನು ಮರೆಯುವವರಲ್ಲ. ನಾಲ್ಕು ವರ್ಷದಿಂದ, ಮಗನಿಗೆ ಗೊತ್ತಿಲ್ಲದೆ, ಇದೇ ಪದ್ಧತಿ. ಈ ಸಲ ಮಗ ಹೇಳದೆ ಬಂದುಬಿಟ್ಟ. ಮಾರನೆಯ ದಿನ ಗ್ಯಾಸ್ ತುಂಬಿಸಲು ಬಂದ ಊರಿನ ಮೆಕ್ಯಾನಿಕ್ ರಂಜಿತ್ ಅವನ ಕೈಗೇ ಸಿಕ್ಕಿಬಿದ್ದ.

ಆಸ್ಯಮ್ಮನನ್ನು ಮಾತಾಡಿಸಲು ಹೋದ ನಾನೂ ಅಲ್ಲೇ ಇದ್ದೆ. ರಂಜಿತ್ ಸ್ಪ್ಯಾನರ್ ಹಿಡಿದು ಹೊರಗಿನ ಯೂನಿಟ್ಟಿನ ನಟ್ಟಿಗೆ ಕೈಹಾಕಿದ.

“ಏನು ಮಾಡ್ತಾ ಇದ್ದಿ?” ನಿಝಾಮ್ ಕೇಳಿದ.

“ಹಳೇ ಗ್ಯಾಸ್ ಹೊರಗೆ ಬಿಟ್ಟು ಹೊಸದು ತುಂಬಿಸುವ ಅಂತ, ನಿಝಾಮಣ್ಣ. ಪ್ರತಿ ವರ್ಷ ಹಾಗೇ ಅಲ್ವಾ?”

“ಬೇಡ. ನಿಲ್ಲಿಸು.”

ಆಸ್ಯಮ್ಮನಿಗೆ ಸಿಟ್ಟು ಬಂತು. “ನಿಲ್ಲಿಸುವುದು ಯಾಕೆ ಮೋನೇ? ಮೂರು ದಿನದಿಂದ ಕೋಣೆ ತಂಪೇ ಆಗುವುದಿಲ್ಲ. ನಾನು ಇನ್ನೊಂದು ಸಲ ಬೀಳಬೇಕಾ?”

“ಬೀಳಬಾರದು ಅಂತಲೇ ಉಮ್ಮಾ. ಇದು ಅಡುಗೆ ಗ್ಯಾಸಿನ ಹಾಗೆ ಉರಿದು ಮುಗಿಯುವುದಲ್ಲ. ಪೈಪಿನ ಒಳಗೇ ಸುತ್ತುತ್ತಾ ಇರ್ತದೆ. ಕಡಿಮೆ ಆಗಿದ್ರೆ ಎಲ್ಲೋ ಲೀಕ್ ಉಂಟು. ನಾಲ್ಕು ವರ್ಷ ನೀವು ತೂತಾದ ಕೊಡಕ್ಕೆ ನೀರು ತುಂಬಿಸಿದ್ದು.”

ರಂಜಿತ್ ನಕ್ಕ. “ಹೋದ್ರೆ ಗಾಳಿಗೆ ಹೋಯ್ತು ಮಾರಾಯ್ರೆ. ಯಾರಿಗೆ ಏನು?”

“ಅದು ಗಾಳಿಯಲ್ಲಿ ನಿಂತು ಬಿಸಿಯನ್ನು ಹಿಡಿದಿಡ್ತದೆ. ಈ ಎ.ಸಿ.ಯ ಗ್ಯಾಸ್ ಒಂದು ಕೆ.ಜಿ. ಹೊರಗೆ ಹೋದ್ರೆ, ನಿನ್ನ ಸ್ಕೂಟರ್ ಸುಮಾರು ನಲವತ್ತು ಸಾವಿರ ಕಿಲೋಮೀಟರ್ ಓಡಿ ಬಿಟ್ಟ ಹೊಗೆಯಷ್ಟು ಭೂಮಿಗೆ ಬಿಸಿ.”

ರಂಜಿತನ ನಗು ನಿಂತಿತು. ಆಸ್ಯಮ್ಮ ಮಾತ್ರ ಸೋಲಲಿಲ್ಲ. “ನಮ್ಮ ಒಂದು ಮನೆಯಿಂದ ಊರು ಬಿಸಿ ಆಗ್ತದಾ? ನೀವೇ ಹೇಳಿ ಟೀಚರ್.”

“ಹನಿ ಹನಿ ಕೂಡಿದರೆ ಹಳ್ಳ ಅಲ್ವಾ ಆಸ್ಯಮ್ಮ?” ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಮಾತು. ಮಕ್ಕಳ ಹಾಗೆಯೇ ಅವರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ನಿಝಾಮ್ ತಾಯಿಯ ಕಾಲ ಬಳಿ ಕುಳಿತ. “ಉಮ್ಮಾ, ದಮಾಮಿನಲ್ಲಿ ಹೊಸತರಲ್ಲಿ ನಾನು ಮಾಡಿದ್ದೂ ಇದೇ. ಕಟ್ಟಡದ ಟೆರೇಸಿಗೆ ಹತ್ತುವುದು, ನಟ್ಟು ಬಿಚ್ಚುವುದು, ಗ್ಯಾಸ್ ಬಿಡುವುದು. ಬೇಗ ಮುಗೀತದೆ ಅಂತ ದಿನಕ್ಕೆ ಆರೇಳು ಎ.ಸಿ. ಎಷ್ಟು ಬಿಟ್ಟಿದ್ದೇನೆ ಅಂತ ನನಗೇ ಗೊತ್ತಿಲ್ಲ. ಅದು ಭೂಮಿಯನ್ನು ಬಿಸಿ ಮಾಡ್ತದೆ ಅಂತ ಆಮೇಲೆ ಟ್ರೈನಿಂಗಿನಲ್ಲಿ ಕಲಿತೆ. ಕಳೆದ ವರ್ಷ ನೀವು ಸೆಕೆಗೆ ಬಿದ್ರಿ ಅಂತ ಫೋನ್ ಬಂತಲ್ಲ, ನನಗೆ ನೆನಪಾದದ್ದು ಆ ಟೆರೇಸುಗಳೇ.”

ಆಸ್ಯಮ್ಮ ಮಗನ ತಲೆಯ ಮೇಲೆ ಕೈಯಿಟ್ಟರು. ಮತ್ತೆ, “ರಂಜಿತ್, ಅವ ಹೇಳಿದ ಹಾಗೆ ಮಾಡು” ಎಂದರು.

ಇಬ್ಬರೂ ಸೇರಿ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದರು. ಗೋಡೆಯ ಯೂನಿಟ್ಟಿನ ಹಿಂದೆ ಗುಳ್ಳೆ ಎದ್ದಿತು. ಉಳಿದ ಗ್ಯಾಸನ್ನು ಹೊರಗಿನ ಯೂನಿಟ್ಟಿನಲ್ಲೇ ತಡೆದಿಟ್ಟು, ಪೈಪಿನ ತುದಿ ಸರಿಮಾಡಿ, ಕಡಿಮೆಯಾದಷ್ಟನ್ನೇ ತೂಗಿ ಹಾಕಿದರು. ಸಂಜೆಯೊಳಗೆ ಕೋಣೆ ತಂಪಾಯಿತು.

“ನಾಳೆ ಫರಂಗಿಪೇಟೆಯಲ್ಲಿ ಎರಡು ಮನೆಗೆ ಗ್ಯಾಸ್ ತುಂಬಿಸ್ಲಿಕ್ಕೆ ಉಂಟು. ಮೊದಲು ಲೀಕ್ ನೋಡ್ತೇನೆ” ಎಂದ ರಂಜಿತ್, ಹೊರಡುವಾಗ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎ.ಸಿ. ಬೇಡ ಎಂದು ನಾನು ಹೇಳುವುದಿಲ್ಲ. ಆಸ್ಯಮ್ಮನಂಥವರಿಗೆ ಅದು ಬೇಕೇ ಬೇಕು. ಆದರೆ ಗ್ಯಾಸ್ ತುಂಬಿಸಿ ಎನ್ನುವ ಮೊದಲು ಲೀಕ್ ಎಲ್ಲಿ ಎಂದು ಕೇಳಿ. ಎ.ಸಿ.ಯನ್ನು ಬೇರೆ ಕೋಣೆಗೆ ಸಾಗಿಸುವಾಗಲೂ ಗುಜರಿಗೆ ಕೊಡುವಾಗಲೂ ಗ್ಯಾಸ್ ಹೊರಗೆ ಬಿಡಲು ಒಪ್ಪಬೇಡಿ. ನೀವಾಗಿ ಬಿಚ್ಚಲು ಹೋಗಬೇಡಿ, ಕೆಲವು ಗ್ಯಾಸಿಗೆ ಬೆಂಕಿ ಹತ್ತುತ್ತದೆ; ಕೆಲಸ ಕಲಿತವರನ್ನೇ ಕರೆಯಿರಿ. ಹೊಸದು ಕೊಳ್ಳುವಾಗ, ಭೂಮಿಗೆ ಕಡಿಮೆ ಬಿಸಿ ತರುವ ಗ್ಯಾಸ್ ಯಾವುದರಲ್ಲಿದೆ ಎಂದು ಅಂಗಡಿಯಲ್ಲಿ ವಿಚಾರಿಸಿ. ನಮ್ಮ ಕೋಣೆಯ ತಂಪಿಗಾಗಿ ನಾವು ಹೊರಗೆ ಬಿಟ್ಟ ಗ್ಯಾಸಿನ ಬಿಸಿ, ಎ.ಸಿ.ಯೇ ಇಲ್ಲದ ಮನೆಯ ತಾಯಂದಿರಿಗೂ ತಟ್ಟುತ್ತದೆ.